ಕರಿಯಂಚಿನ ಕವರು

ನಮ್ಮ ಮನೆಗೆ ಬಂದ ಕಾಗದಕ್ಕೆ ಮೂರು ದಾರಿಗಳಿದ್ದವು. ನಾಲ್ಕು ಮೂಲೆಗೂ ಅರಿಶಿನ ಮೆತ್ತಿಕೊಂಡು ಬಂದದ್ದು ಸೀದಾ ದೇವರ ಗೂಡಿಗೆ. ಸೋದರತ್ತೆಯ ದೂರು, ಸೊಸೈಟಿಯ ನೋಟೀಸು, ಯಾರದೋ ಕ್ಷೇಮಸಮಾಚಾರ, ಇವೆಲ್ಲ ನಡುಮನೆಯ ಕಂಬಕ್ಕೆ ನೇತುಹಾಕಿದ್ದ ಕೊಕ್ಕೆ ತಂತಿಗೆ. ಮೂರನೆಯದು ಕರಿಯಂಚಿನದು, ತಿಥಿ ಕಾಗದ. ಅದು ಹೊಸಿಲು ದಾಟುವಂತೆಯೇ ಇರಲಿಲ್ಲ. ಜಗಲಿಯ ಮೇಲೆ ಓದಬೇಕು, ಅಲ್ಲೇ ಹರಿಯಬೇಕು, ಚೂರನ್ನು ತಿಪ್ಪೆಗೆ ಹಾಕಬೇಕು. ಅದಾದ ಮೇಲೆ ಅಜ್ಜಿ ಹಿತ್ತಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ಒಂದು ಬಿಂದಿಗೆ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು, ನಡುಗುತ್ತಾ ಒಳಗೆ ಬರುತ್ತಿದ್ದಳು. ಸತ್ತವರು ದಾಯಾದಿಗಳಲ್ಲದಿದ್ದರೂ ಅಷ್ಟೇ. ಸೂತಕ ನಮಗೆ ತಾಕುವುದಿಲ್ಲವಲ್ಲ ಅಂತ ಯಾರಾದರೂ ಅಂದರೆ, ಸಾವಿನ ಸುದ್ದಿ ಕೇಳಿದ ಕಿವಿಗೆ ಒಂದು ಬಿಂದಿಗೆ ನೀರಾದರೂ ಬೇಡವೇ ಅನ್ನುವಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಕರಿ ಅಂಚು ಮಾತ್ರ ಮಾರು ದೂರದಿಂದಲೇ ಗೊತ್ತಾಗುತ್ತಿತ್ತು.

ಸಂತೆಬಾಚಹಳ್ಳಿಗೆ ಒಂದೂವರೆ ಮೈಲಿ ದೂರದ ಆ ಮನೆಯ ಜಗಲಿ ನನ್ನ ದೊಡ್ಡಪ್ಪನದು. ಹಾಗಂತ ಮನೆಯ ಪತ್ರದಲ್ಲಿ ಬರೆದಿರಲಿಲ್ಲ, ಆದರೆ ಅವನು ಕೂತಾಗ ಇನ್ನೊಬ್ಬರು ಕೂರುತ್ತಿರಲಿಲ್ಲ. ಅಪ್ಪನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವನು. ಹೆಸರು ನಿಂಗೇಗೌಡ, ಊರಿಗೆಲ್ಲ ಕಬಡ್ಡಿ ನಿಂಗೇಗೌಡ. ನಡುಮನೆಯ ಗೋಡೆಯಲ್ಲಿ, ಲಕ್ಷ್ಮಿ ಪಟಕ್ಕಿಂತ ಒಂದು ಮೊಳ ಮೇಲೆ, ಅವನ ತಂಡದ ಪಟವಿತ್ತು. ಹನ್ನೆರಡು ಜನ ಬನಿಯನ್ ಚಡ್ಡಿಯಲ್ಲಿ ಎದೆ ಉಬ್ಬಿಸಿ ನಿಂತಿದ್ದರು. ಎಡದಿಂದ ಮೂರನೆಯವನು ದೊಡ್ಡಪ್ಪ. ಯಾರೇ ನೆಂಟರು ಬರಲಿ, ಮುದ್ದೆ ಮುರಿಯುವ ಮುಂಚೆ ಎಡದಿಂದ ಮೂರನೆಯವನನ್ನು ನೋಡಿಯೇ ಮುರಿಯಬೇಕು. ಅವನು ಕಾಲು ಹಿಡಿಯುವುದರಲ್ಲಿ ಗಟ್ಟಿಗನಂತೆ, ಅವನ ಕೈಗೆ ಸಿಕ್ಕ ಕಾಲು ಗೆರೆ ಮುಟ್ಟಿದ್ದೇ ಇಲ್ಲವಂತೆ. ಒಂದೇ ಕಥೆಯನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಜೊತೆ ಆ ಪಟಕ್ಕೂ ಕುಂಕುಮ ಬೀಳುತ್ತಿತ್ತು. ಅಮ್ಮ, ದೊಡ್ಡಮ್ಮ ಇಬ್ಬರೂ ಅಡುಗೆ ಮನೆಯಲ್ಲಿ ಮುಸಿಮುಸಿ ನಗುತ್ತಿದ್ದರು, ಅವನ ಮುಂದೆ ಮಾತ್ರ ಬಾಯಿಗೆ ಸೆರಗು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನಗೆ ಸಹಿಯ ಹುಚ್ಚು ಹಿಡಿಯಿತು. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರ ಹತ್ತಿರ ಒಂದು ಹಳೇ ಡೈರಿ ಇತ್ತು. ಅದರ ಕೊನೆಯ ಹಾಳೆಗಳಲ್ಲಿ ಆಟ ನಿಲ್ಲಿಸಿ ಮನೆಯಲ್ಲಿ ಕೂತಿದ್ದ ಆಟಗಾರರ ವಿಳಾಸಗಳಿದ್ದವು. ಈಗ ಆಡುತ್ತಿರುವವರಿಗೆ ಬರೆಯಬೇಡ, ಅವರಿಗೆ ಮೂಟೆಗಟ್ಟಲೆ ಕಾಗದ ಬರುತ್ತವೆ, ಮನೆಯಲ್ಲಿ ಕೂತವರಿಗೆ ಬರಿ, ಅವರು ಪೋಸ್ಟ್‌ಮ್ಯಾನಿನ ದಾರಿ ಕಾಯುತ್ತಿರುತ್ತಾರೆ ಅಂತ ಮೇಷ್ಟ್ರು ಹೇಳಿಕೊಟ್ಟರು. ಬರೆಯುವ ಕ್ರಮವನ್ನೂ ಅವರೇ ಕಲಿಸಿದ್ದು. ಅವರು ಆಡಿದ್ದು ಯಾವ ಆಟ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡು ಬರೆಯಬೇಕು, ಸಹಿಗೆ ಒಂದು ಬಿಳೀ ರಟ್ಟಿನ ಚೂರು ಇಡಬೇಕು, ನಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಕವರನ್ನು ಮಡಿಸಿ ಒಳಗೆ ಸೇರಿಸಬೇಕು. ಅವರಿಗೆ ಖರ್ಚೂ ಇಲ್ಲ, ವಿಳಾಸ ಬರೆಯುವ ಶ್ರಮವೂ ಇಲ್ಲ. ನಾನು ಐದು ಜನರನ್ನು ಆರಿಸಿಕೊಂಡೆ. ಬೆಂಗಳೂರಿನ ಹಾಕಿಯವರು ಒಬ್ಬರು, ಮೈಸೂರಿನ ಇಬ್ಬರು, ಪಾಲಹಳ್ಳಿಯ ಒಬ್ಬ ಮುದಿ ಪೈಲ್ವಾನರು. ಐದನೆಯವರು ಶ್ರೀರಂಗಪಟ್ಟಣದ ಓಟಗಾರ್ತಿ. ನನಗೆ ನಿಜವಾಗಿ ಬೇಕಾಗಿದ್ದದ್ದು ಅವರ ಸಹಿ. ನಾನೂ ಓಡುತ್ತಿದ್ದೆ. ಹುಡುಗಿಯರು ತಾಲ್ಲೂಕು ಮಟ್ಟಕ್ಕೆ ಓಡಲು ಹೋಗುವುದು ಬೇಡ ಅಂತ ಜಗಲಿಯಿಂದ ಅಪ್ಪಣೆಯಾಗಿತ್ತು. ಹಳ್ಳಿಯಲ್ಲಿ ಹುಟ್ಟಿ ಓಡಿದ ಹೆಂಗಸು ಅವರೊಬ್ಬರೇ ಅಂತ ನಾನು ಅಂದುಕೊಂಡಿದ್ದೆ. ನೀವು ಮನೆಯಲ್ಲಿ ಏನು ಹೇಳಿ ಓಡಲು ಹೋಗುತ್ತಿದ್ದಿರಿ ಅಂತ ಅವರಿಗೊಂದು ಪ್ರಶ್ನೆಯನ್ನೂ ಬರೆದೆ.

ಹಜಾರದಲ್ಲಿ ಬೋರಲು ಮಲಗಿ ಬರೆಯುತ್ತಿದ್ದವಳನ್ನು ದೊಡ್ಡಪ್ಪ ಕಂಡ. ಏನದು ಅಂದ, ಹೇಳಿದೆ. ಅದಕ್ಕೆ ಅವನು ಅಂದ:

"ಆ ಮುದುಕ್ರ ಸಹಿ ಇಟ್ಕಂಡು ಸಾರಿಗೆ ಒಗ್ಗರಣೆ ಆಕ್ತೀಯೇನಮ್ಮಿ? ಆಟ ಆಡ್ದೋರು ಬೇರೆ ಎಲ್ಲೂ ಇಲ್ವೋ?"

ನನಗೆ ಅರ್ಥವಾಗಲಿಲ್ಲ. ಈಗ ಅರ್ಥವಾಗುತ್ತದೆ, ಆದರೆ ಅದರಿಂದ ನನ್ನ ಸಿಟ್ಟೇನೂ ಇಳಿದಿಲ್ಲ.

ಕವರಿನ ತಪ್ಪು ನಮ್ಮದು, ನನ್ನದು ಮತ್ತು ಅಪ್ಪನದು. ಅಪ್ಪ ದಿನಾ ಬಸ್ಸಿನಲ್ಲಿ ಪೇಟೆಗೆ, ಅಂದರೆ ಕೃಷ್ಣರಾಜಪೇಟೆಗೆ ಹೋಗಿ, ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಬೆಳಿಗ್ಗೆ ಮದುವೆ, ಮಧ್ಯಾಹ್ನ ತಿಥಿ, ಸಂಜೆ ಮತ್ತೆ ಮದುವೆ, ಎಲ್ಲ ಒಂದೇ ಮಿಷಿನ್ನಿನಲ್ಲಿ ಅಚ್ಚಾಗುತ್ತಿದ್ದವು. ಹಾಗಾಗಿ ಅವನಿಗೆ ಕಾಗದದ ಮಡಿಮೈಲಿಗೆ ಹೊರಟುಹೋಗಿತ್ತು. ಯಾರೋ ತಿಥಿಗೆ ಅಂತ ಮಾಡಿಸಿದ ಕವರುಗಳಲ್ಲಿ ಒಂದು ಕಟ್ಟು ಮಿಕ್ಕಿತ್ತು. ಅವನ್ನು ಯಾರೂ ಮನೆಗೆ ಒಯ್ಯರು. ಒಳ್ಳೇ ದಪ್ಪ ಬಿಳೀ ಕಾಗದ, ಸುತ್ತ ಬೆರಳಗಲ ಕಪ್ಪು ಗೆರೆ. ಅಪ್ಪ ನನಗೆ ಹತ್ತು ಕವರು ತಂದು, ಕಾಗದಕ್ಕೇನು ಸೂತಕ, ಬರ್ಕೊ ಅಂದ. ಅಜ್ಜಿಗೆ ಕಾಣದಂತೆ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ ಅನ್ನುವುದನ್ನೂ ಹೇಳಬೇಕು. ನಾನು ಅವುಗಳ ಮೇಲೆ ನನ್ನ ಹೆಸರನ್ನು ಗುಂಡಗೆ, ಕುಮಾರಿ ಜಯಲಕ್ಷ್ಮಿ ಅಂತ ಬರೆದು, ಮಡಿಸಿ, ಒಳ್ಳೇ ಕವರುಗಳೊಳಗೆ ಇಟ್ಟು ಐದನ್ನೂ ಒಂದೇ ದಿನ ಡಬ್ಬಕ್ಕೆ ಹಾಕಿದೆ. ವಾಪಸ್ಸು ಬರುವಾಗ ಅವು ಕರಿಯಂಚಿನಲ್ಲೇ ನಮ್ಮ ಜಗಲಿಗೆ ಬಂದು ಬೀಳುತ್ತವೆ ಅನ್ನುವುದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲನೆಯದು, ಬೆಂಗಳೂರಿನ ಹಾಕಿಯವರದು, ಬಂದ ದಿನ ನಾನು ಸ್ಕೂಲಿನಲ್ಲಿದ್ದೆ. ಬರುವಷ್ಟರಲ್ಲಿ ಅಜ್ಜಿಯ ಕೂದಲಿಂದ ನೀರು ಇಳಿಯುತ್ತಿತ್ತು, ತಿಪ್ಪೆಯ ಮೇಲೆ ನನ್ನ ಗುಂಡನೆಯ ಅಕ್ಷರ ಚೂರುಚೂರಾಗಿ ಬಿದ್ದಿತ್ತು. ನಾನು ಅಳುತ್ತಾ ಎಲ್ಲವನ್ನೂ ಒದರಿಬಿಟ್ಟೆ. ಅಜ್ಜಿಗೆ ಹಾಕಿಯೂ ತಿಳಿಯದು, ಸಹಿಯೂ ತಿಳಿಯದು. ಅವಳಿಗೆ ತಿಳಿದದ್ದು ಒಂದೇ.

"ಕರೀ ಅಂಚಿನ ಕವರ್ ಮೇಲೆ ನಿನ್ ಹೆಸರ ನೀನೇ ಬರ್ಕಂಡಾ? ಬುಡ್ತು ಅನ್ನು ಮೊದ್ಲು. ಬುಡ್ತು ಅನ್ನಮ್ಮಿ."

ಮೂರು ಸಲ ಬುಡ್ತು ಅನ್ನಿಸಿದಳು. ದೊಡ್ಡಪ್ಪ ತಣ್ಣಗೆ, ಕರಿ ಅಂಚು ಕಂಡೆ, ಹರಿದೆ, ಹೆಸರು ಯಾರು ನೋಡ್ತಾರೆ ಅಂದ. ಇರಬಹುದು ಅಂತ ನಾನೂ ನಂಬಿದೆ. ಕೊನೆಗೆ ಅಜ್ಜಿ ತೀರ್ಮಾನ ಕೊಟ್ಟಳು: ಇನ್ನು ಮೇಲೆ ನಿಂಗ ಹೆಸರು ಓದಿ ನೋಡಲಿ, ಕೂಸಿನದಾದರೆ ಜಗಲಿಯ ಮೇಲೇ ಇಟ್ಟಿರಲಿ, ಅವಳು ಹೊರಗಡೆಯೇ ಒಡೆದು ಓದಿಕೊಂಡು ಕವರನ್ನು ಬಿಸಾಕಲಿ. ದೊಡ್ಡಪ್ಪ ಆಗಲವ್ವ ಅಂದ.

ಎರಡನೆಯದು ಬಂದಾಗ ನಾನು ಬೀದಿಯ ತಿರುವಿನಲ್ಲಿದ್ದೆ, ಬೆನ್ನ ಮೇಲೆ ಬ್ಯಾಗು. ಪೋಸ್ಟ್‌ಮ್ಯಾನು, ನಾವೆಲ್ಲ ಪೋಸ್ಟಣ್ಣ ಅನ್ನುತ್ತಿದ್ದವನು, ಕಾಗದವನ್ನು ಜಗಲಿಗೆ ಕೊಟ್ಟು ಸೈಕಲ್ಲು ಹತ್ತಿದ. ದೊಡ್ಡಪ್ಪ ಕವರನ್ನು ಕಣ್ಣಿನ ಹತ್ತಿರ ಹಿಡಿದ. ಓದಿದ. ಅವನ ತುಟಿ ಅಲುಗುವುದು ನನಗೆ ಕಂಡಿತು, ಅವನು ತುಟಿ ಆಡಿಸದೆ ಓದುವವನೇ ಅಲ್ಲ. ಹಿಂದೆಮುಂದೆ ತಿರುಗಿಸಿ ನೋಡಿದ. ಆಮೇಲೆ ಒಂದು ನಗು ನಕ್ಕು, ಒಡೆಯದೆಯೇ, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಎರಡು ಸಲ ಹರಿದ. ನಾನು ಓಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಮತ್ತೆ ಓಡಿಲ್ಲ. ಹೋಗುವಷ್ಟರಲ್ಲಿ ಚೂರುಗಳು ಗಂಜಲದಲ್ಲಿ ತೇಲುತ್ತಿದ್ದವು. ಒಳಗಿನಿಂದ ಅಜ್ಜಿ ಯಾರದಪ್ಪ ಅಂತ ಕೂಗಿದಳು. ನಾಗಮಂಗಲದ ಕಡೆಯೋರ್ದು ಕಣವ್ವ, ತಿಥಿ ಮುಗ್ದೋಗದೆ ಅಂದ ದೊಡ್ಡಪ್ಪ. ಪುಷ್ಯದ ಚಳಿ. ಅಜ್ಜಿ ಎದ್ದು ಹಿತ್ತಲಿಗೆ ಹೋದಳು.

ಒಂದು ಚೂರು ಮಾತ್ರ ನೆನೆದಿರಲಿಲ್ಲ. ಅದರ ಒಂದು ಬದಿಗೆ ಕರಿ ಅಂಚು, ನನ್ನ ಹೆಸರಿನ ಕಡೆಯ ಎರಡಕ್ಷರ. ಕವರಿನ ಒಳಗಿದ್ದ ಕಾಗದ ಅದಕ್ಕೆ ಅಂಟಿಕೊಂಡು ಬಂದಿತ್ತು. ಅದು ರಟ್ಟಿನ ಚೂರಲ್ಲ, ಗೆರೆ ಕಾಗದದ ಎರಡು ಹಾಳೆಯ ಮೂಲೆ, ಎರಡೂ ಮಗ್ಗುಲು ತುಂಬ ಬರೆದದ್ದು, ಮಿಕ್ಕದ್ದರ ಶಾಯಿ ಗಂಜಲದಲ್ಲಿ ಕರಗಿಹೋಗಿತ್ತು. ಮೇಲೆ ಶ್ರೀರಂಗಪಟ್ಟಣ ಅಂತ ಊರಿನ ಹೆಸರು. ಅವರು ಸಹಿ ಮಾತ್ರ ಕಳಿಸಿರಲಿಲ್ಲ, ನನ್ನ ಪ್ರಶ್ನೆಗೆ ಉತ್ತರ ಬರೆದಿದ್ದರು. ಆ ಸಂಜೆ ಅಪ್ಪ ಬಸ್ಸಿಳಿದು ಬಂದಾಗ ಅಜ್ಜಿಯ ಮುಂದೆಯೇ ಆ ಚೂರನ್ನು ಅವನ ಕೈಗೆ ಕೊಟ್ಟೆ, ಇದರ ಮೇಲಿರುವುದು ನನ್ನ ಹೆಸರೇ ಅಲ್ಲವೇ, ಅಜ್ಜಿಗೆ ಓದಿ ಹೇಳು ಅಂದೆ. ದೊಡ್ಡಪ್ಪ ಜಗಲಿಯಿಂದ ಕೆಮ್ಮಿದ. ಅಪ್ಪ ಚೂರನ್ನು ದೀಪದ ಹತ್ತಿರ ಹಿಡಿದ, ಅಣ್ಣನ ಕಡೆ ನೋಡಿದ, ಮತ್ತೆ ಚೂರನ್ನು ನೋಡಿದ.

"ಗೊತ್ತಾಯ್ತಾ ಇಲ್ಲ ಕಣವ್ವ, ಅಳ್ಸೋಗದೆ."

ಇಡೀ ದಿನ ಅಕ್ಷರಗಳನ್ನು ತಲೆಕೆಳಗಾಗಿ ಓದುವ ಮನುಷ್ಯನಿಗೆ ಮಗಳ ಕೈಬರಹ ಗೊತ್ತಾಗಲಿಲ್ಲ. ಅಜ್ಜಿ ನನ್ನ ತಲೆ ಸವರಿ, ನಿಮ್ಮ ದೊಡ್ಡಪ್ಪ ಹೆತ್ತವ್ವನ ಹತ್ರ ಸುಳ್ಳು ಹೇಳ್ತಾನಾ ಕೂಸೇ ಅಂದಳು. ಸುಳ್ಳುಬುರುಕಿ ಅನ್ನುವ ಹೆಸರು ನನಗೇ ಬಂತು. ಅವತ್ತು ನಾನು ಊಟ ಮಾಡಲಿಲ್ಲ. ಇವನ ಬಾಯಿಂದಲೇ, ಅಜ್ಜಿಯ ಎದುರಿಗೇ, ಹೆಸರು ಓದಿ ಹರಿದೆ ಅನ್ನಿಸದಿದ್ದರೆ ನಾನು ಜಯಲಕ್ಷ್ಮಿಯೇ ಅಲ್ಲ ಅಂತ ತಂತಿಯ ಮೇಲಿನ ಕಾಗದಗಳನ್ನು ಮುಟ್ಟಿ ಆಣೆ ಮಾಡಿದೆ. ಅಂಥ ಹೊತ್ತಿನಲ್ಲಿ ದೇವರ ಗೂಡು ನೆನಪಿಗೆ ಬರಲಿಲ್ಲ.

ಆಮೇಲೆ ಒಂದು ಕಾರ್ಡು ಬಂತು, ಅಂಚಿಲ್ಲದ್ದು, ಬರೀ ಪೋಸ್ಟ್‌ಕಾರ್ಡು. ಪಾಲಹಳ್ಳಿಯ ಪೈಲ್ವಾನರು ನನ್ನ ಕವರನ್ನು ಬಳಸಿಯೇ ಇರಲಿಲ್ಲ. "ಮಗಳೇ, ನಾನಿನ್ನೂ ಬದುಕಿದ್ದೇನೆ. ದಿನಕ್ಕೆ ಎರಡು ಮುದ್ದೆ ಉಣ್ಣುತ್ತೇನೆ. ನಿನ್ನ ಕವರನ್ನು ಒಲೆಗೆ ಹಾಕಿದೆ, ಬೇಜಾರು ಮಾಡಿಕೊಳ್ಳಬೇಡ" ಅಂತ ಬರೆದು ಕೆಳಗೆ ಕೋಳಿ ಕೆದರಿದಂತೆ ಸಹಿ ಹಾಕಿದ್ದರು. ನನಗೆ ಸಿಕ್ಕಿದ್ದು ಅದೊಂದೇ ಸಹಿ. ಮೈಸೂರಿನ ಒಬ್ಬರಿಂದ ಮೂರನೆಯ ಕರಿಯಂಚೂ ಬಂದು ತಿಪ್ಪೆ ಸೇರಿತು, ಅಜ್ಜಿ ಮೂರನೆಯ ಬಿಂದಿಗೆ ಸುರಿದುಕೊಂಡು ನಾಲ್ಕು ದಿನ ಕೆಮ್ಮಿದಳು. ಮೈಸೂರಿನ ಇನ್ನೊಬ್ಬರು ಬರೆಯಲೇ ಇಲ್ಲ. ಶ್ರೀರಂಗಪಟ್ಟಣಕ್ಕೆ ನಾನು ಮತ್ತೊಂದು ಕಾಗದ ಹಾಕಿದೆ, ಉತ್ತರ ಬರಲಿಲ್ಲ. ಬರೆದ ಉತ್ತರವನ್ನೇ ಮತ್ತೆ ಬರಿ ಅಂದರೆ ಯಾರು ಬರೆಯುತ್ತಾರೆ?

ಬೇಸಿಗೆಯ ಹೊತ್ತಿಗೆ ಜಗಲಿಯ ಮಾತು ಬದಲಾಯಿತು. ಆ ಪಟದಲ್ಲಿ ದೊಡ್ಡಪ್ಪನ ಪಕ್ಕದಲ್ಲಿ ನಿಂತಿದ್ದ ನಾಗಮಂಗಲದ ಚಿಕ್ಕಣ್ಣ ಅನ್ನುವವನು ಬಂದು ಒಂದು ಸುದ್ದಿ ಹೇಳಿ ಹೋದ. ಪಾಂಡವಪುರದಲ್ಲಿ ಹಳೇ ಆಟಗಾರರನ್ನೆಲ್ಲ ಕರೆದು ಶಾಲು ಹೊದಿಸುತ್ತಾರಂತೆ, ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರೂ ಇದೆಯಂತೆ, ದಿನ ಯಾವುದು ಅನ್ನುವುದಕ್ಕೆ ಕಾಗದ ಬರುತ್ತದಂತೆ. ಅವತ್ತಿನಿಂದ ದೊಡ್ಡಪ್ಪ ಗದ್ದೆಗೂ ಹೋಗದೆ ಪೋಸ್ಟಣ್ಣನ ಸೈಕಲ್ಲಿಗೆ ಕಿವಿ ಕೊಟ್ಟು ಕೂತ. ಬಿಳೀ ಪಂಚೆ, ಬಿಳೀ ಶರ್ಟು ಸಂತೆಬಾಚಹಳ್ಳಿಗೆ ಹೋಗಿ ಇಸ್ತ್ರಿ ಮಾಡಿಸಿಕೊಂಡು ಬಂದು, ಪೇಪರಿನಲ್ಲಿ ಸುತ್ತಿ ತೊಲೆಯ ಮೇಲೆ ಕೂತವು. ಊಟಕ್ಕೆ ಕೂತರೆ ಶಾಲಿನ ಮಾತು, ಎದ್ದರೆ ಶಾಲಿನ ಮಾತು. ಒಂದು ದಿನ ನನ್ನನ್ನೇ ಕರೆದು, ಅಲ್ಲಿ ಜನ ಸಹಿ ಗಿಹಿ ಕೇಳ್ತಾರೇನಮ್ಮಿ, ಪೆನ್ನು ಇಟ್ಕಂಡ್ ಓಗ್ಬೇಕಾ ಅಂತ ಕೇಳಿದ. ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಬೇಕಾಗ್ತದೆ ದೊಡ್ಡಪ್ಪ, ಎರಡು ಇಟ್ಕಂಡೋಗು ಅಂದೆ.

ಕಾಗದ ಬಂದದ್ದು ಸಂತೆಯ ದಿನ. ಅವನು ಹುರಿಹಗ್ಗ ತರಲು ಹೋಗಿದ್ದ. ಪೋಸ್ಟಣ್ಣ ನನ್ನ ಕೈಗೇ ಕೊಟ್ಟು, ನಿಮ್ ದೊಡ್ಡಪ್ಪಂಗೆ ಕೊಡವ್ವ, ಪಾಪ ದಿನಾ ಕೇಳ್ತವ್ರೆ ಅಂದ. ಕೊಟ್ಟಿಗೆಯ ಮೂಲೆಯಲ್ಲಿ ಒಡೆದು ಓದಿದೆ. ಮಾನ್ಯರೇ ಅಂತ ಶುರುವಾಗುವ ಟೈಪು ಮಾಡಿದ ಕಾಗದ, ದಿನ, ಹೊತ್ತು, ಈ ಪತ್ರವನ್ನು ತಪ್ಪದೆ ತರಬೇಕು ಅನ್ನುವ ಮಾತು. ನನ್ನ ಹತ್ತಿರ ಅಪ್ಪ ತಂದುಕೊಟ್ಟಿದ್ದರಲ್ಲಿ ಇನ್ನೂ ಐದು ಕವರು ಮಿಕ್ಕಿದ್ದವು. ಒಂದರ ಮೇಲೆ ನನ್ನ ಹೆಸರನ್ನು ಎಂದಿನಂತೆ ಗುಂಡಗೆ ಬರೆದೆ. ತಂತಿಯಲ್ಲಿದ್ದ ಹಳೇ ಕವರೊಂದರಿಂದ ಠಸ್ಸೆ ಬಿದ್ದ ಸ್ಟಾಂಪನ್ನು ನೀರು ಹಚ್ಚಿ ಬಿಡಿಸಿ ಇದಕ್ಕೆ ಅಂಟಿಸಿದೆ. ಅವನ ಕಾಗದವನ್ನು ಒಳಗಿಟ್ಟು ಅನ್ನದ ಅಗುಳಿನಿಂದ ಬಾಯಿ ಮುಚ್ಚಿದೆ. ಮಾರನೆಯ ದಿನ ಭಾನುವಾರ ಅನ್ನುವುದು ನೆನಪಿದ್ದುದರಿಂದ ಸೋಮವಾರದ ತನಕ ಕಾದೆ. ಪೋಸ್ಟಣ್ಣ ನಮ್ಮ ಬೀದಿಗೆ ಬಂದುಹೋದ ಮೇಲೆ, ದೊಡ್ಡಪ್ಪ ಕೊಟ್ಟಿಗೆಗೆ ಎದ್ದುಹೋದ ಹೊತ್ತು ನೋಡಿಕೊಂಡು ಜಗಲಿಯ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಬಾಗಿಲ ಸಂದಿಯಲ್ಲಿ ನಿಂತೆ.

ನಾನು ಸುಳ್ಳು ಬರೆದಿರಲಿಲ್ಲ. ನನ್ನ ಹೆಸರಿನ ಕವರು ಅದು. ಅಜ್ಜಿಯ ತೀರ್ಮಾನದಂತೆ ಅವನು ಅದನ್ನು ಹಾಗೇ ಬಿಟ್ಟಿದ್ದರೆ, ನಾನು ಒಡೆದು ಅವನ ಕಾಗದವನ್ನು ಅವನ ಕೈಗೇ ಕೊಡುತ್ತಿದ್ದೆ. ಹಾಗಂತ ಆಗ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ. ದೊಡ್ಡಪ್ಪ ಕೊಟ್ಟಿಗೆಯಿಂದ ಬಂದ. ಕಲ್ಲು ಸರಿಸಿದ. ತುಟಿ ಆಡಿಸಿ ಓದಿದ. ಆ ಕ್ಷಣ ನನ್ನ ಬಾಯಿಗೆ ಮಾತು ಬಂದಿತ್ತು, ದೊಡ್ಡಪ್ಪ ಬೇಡ ಅಂತ. ಅವನು ನಕ್ಕ. ಆ ನಗು ಕಂಡು ಮಾತನ್ನು ನುಂಗಿಕೊಂಡೆ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಎರಡು ಸಲ. ಕಿಕ್ಕೇರಿ ಕಡೆಯೋರ್ದು ಕಣವ್ವ, ದೂರದೋರು ಅಂತ ಒಳಗೆ ಕೂಗಿ ಹೇಳಿದ. ಅಜ್ಜಿ ನಿಟ್ಟುಸಿರು ಬಿಟ್ಟು ಹಿತ್ತಲಿಗೆ ಹೊರಟಳು. ಆ ಬಿಂದಿಗೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಈ ಇಡೀ ವ್ಯವಹಾರದಲ್ಲಿ ನಾನು ಮರುಗುವುದು ಅದೊಂದಕ್ಕೆ ಮಾತ್ರ. ತಿಪ್ಪೆಯ ಮೇಲೆ ಮೊದಲೇ ಒಣಹುಲ್ಲು ಹರಡಿಟ್ಟಿದ್ದೆ, ಚೂರುಗಳೆಲ್ಲ ಒಣದಾಗಿ ಸಿಕ್ಕವು. ಒಂದು ರಟ್ಟಿನ ಮೇಲೆ ಜೋಡಿಸಿ ಅಂಟಿಸಿದೆ, ಕರಿ ಅಂಚು ಸುತ್ತಲೂ, ಅವನ ಮಾನ್ಯರೇ ನಡುವೆ.

ಶಾಲಿನ ದಿನ ಬಂತು, ಹೋಯಿತು. ದೊಡ್ಡಪ್ಪ ಅವತ್ತೂ ಜಗಲಿಯ ಮೇಲೆ ಪೋಸ್ಟಣ್ಣನ ದಾರಿ ನೋಡುತ್ತಿದ್ದ. ನಾಲ್ಕನೆಯ ದಿನ ಸಂಜೆ ಚಿಕ್ಕಣ್ಣ ಬಂದ, ಹೆಗಲ ಮೇಲೆ ಹೊಸ ಶಾಲು. ಜಗಲಿ ಹತ್ತುವ ಮುಂಚೆಯೇ ಜಗಳ ತೆಗೆದ.

"ಎಲ್ಲೋಗಿದ್ಲಾ ನಿಂಗ? ಮೈಕ್‌ನಲ್ಲಿ ಮೂರ್ ಸಲ ನಿನ್ ಹೆಸರು ಕೂಗುದ್ರು. ನನ್ ಪಕ್ಕದ್ ಕುರ್ಚಿ ಖಾಲಿ ಮಡೀಕಂಡು ಕೂತಿದ್ದೆ ಕಣ್ಲಾ."

ದೊಡ್ಡಪ್ಪನ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. ಕಾಗದವೇ ಬಂದಿಲ್ಲ, ಆ ಪೋಸ್ಟಿನವನು ಎಲ್ಲೋ ಬಿಸಾಕಿದ್ದಾನೆ, ನಾಳೆಯೇ ಪೇಟೆಗೆ ಹೋಗಿ ಅರ್ಜಿ ಕೊಟ್ಟು ಅವನ ಕೆಲಸ ತೆಗೆಸುತ್ತೇನೆ ಅಂತ ಕೂಗಾಡಿದ. ಅಪ್ಪ ಆಗತಾನೆ ಬಸ್ಸಿಳಿದು ಬಂದವನು, ಬುಡಣ್ಣ ಬುಡಣ್ಣ ಅನ್ನುತ್ತಾ ನಿಂತಿದ್ದ. ಅಜ್ಜಿಯೂ ಬಾಗಿಲಿಗೆ ಬಂದಳು. ನಾನು ಬೇಕೆಂದೇ ಅವಳ ಪಕ್ಕದಲ್ಲಿ ಹೋಗಿ ನಿಂತು, ಪೋಸ್ಟಣ್ಣ ಕಾಗದ ಕೊಟ್ಟಿದ್ದ, ನೀನೇ ಹರಿದು ಹಾಕಿದೆ ದೊಡ್ಡಪ್ಪ ಅಂತ ರಟ್ಟನ್ನು ಅವನ ಮುಂದಿಟ್ಟೆ. ಅವನು ಬಗ್ಗಿ ನೋಡಿದ. ತುಟಿ ಅಲುಗಿತು, ಮಾನ್ಯರೇ ಅಂತ. ಬೆರಳಿನಿಂದ ತನ್ನ ಹೆಸರಿನ ಎರಡು ಹೋಳುಗಳನ್ನು ಸವರಿದ. ಆಮೇಲೆ ತಲೆ ಎತ್ತಿ ಗುಡುಗಿದ.

"ನನ್ ಕಾಗ್ದನ ನಿನ್ ಕವರೊಳಕ್ಕೆ ಯಾಕಮ್ಮಿ ಆಕ್ದೆ? ನಿನ್ ಹೆಸರು ಇತ್ತು ಅಂತ ತಾನೆ ನಾನು ಹರ್ದಿದ್ದು!"

ಆಡಿದ ಮೇಲೆ ಅವನಿಗೂ ಕೇಳಿಸಿತು. ಚಿಕ್ಕಣ್ಣ ಶಾಲನ್ನು ಹೆಗಲಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಅಜ್ಜಿ ಹೊಸಿಲು ದಾಟಿ ಅವನ ಮುಂದೆ ಬಂದು ನಿಂತಳು.

"ಅಂಗಾರೆ ಹೆಸರ ಓದಿದ್ದೆ ಅನ್ನು. ನಾಗಮಂಗಲದೋರು, ಕಿಕ್ಕೇರಿಯೋರು, ಯಾರೂ ಸತ್ತಿರ್ನಿಲ್ಲ. ಇಲ್ದಿದ್ ಸಾವಿಗೆಲ್ಲ ನಾನು ತಣ್ಣೀರ್ ಉಯ್ಕಂಡಿವ್ನಿ. ಏಳ್ಲಾ ಮೇಲೆ. ನೀನೂ ಉಯ್ಕೊ."

ಐವತ್ತು ದಾಟಿದ ದೊಡ್ಡಪ್ಪ, ಕಬಡ್ಡಿ ನಿಂಗೇಗೌಡ, ಗೆಳೆಯನ ಎದುರಿಗೆ ಎದ್ದು ಹಿತ್ತಲಿಗೆ ಹೋದ. ಅಜ್ಜಿ ಹಿಂದೆಯೇ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಬಿಂದಿಗೆ ನೀರು ದಬದಬ ಬೀಳುವ ಸದ್ದನ್ನು ನಾನು ಎಣಿಸಿದೆ. ಒಂದು ಹಾಕಿಯವರದು, ಎರಡು ಶ್ರೀರಂಗಪಟ್ಟಣದ್ದು, ಮೂರು ಮೈಸೂರಿನದು. ಮೂರನೆಯದಕ್ಕೆ ಅವನು ಅಯ್ಯೋ ಅವ್ವಾ ಅಂದ. ಆ ಸದ್ದಿನಷ್ಟು ಸೊಗಸಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಲ್ಕನೆಯದಕ್ಕೆ ಅವನು ಬಿಂದಿಗೆ ಎತ್ತುತ್ತಿರುವಾಗ ಅಜ್ಜಿ ಸಾಕು ಮಡಗು ಅಂದಳು. ನನ್ನ ಕಡೆ ತಿರುಗಿದಳು.

"ನಾಕ್ನೇದು ಯಾರ್ದು ಅಂತ ನಿಂಗೆ ಗೊತ್ತು."

ಗೊತ್ತಿತ್ತು, ನಾನು ಕಲ್ಲು ಹೇರಿಟ್ಟ ಕವರಿನದು. ಹೋಗಿ ಬಿಂದಿಗೆಯನ್ನು ಎರಡೂ ಕೈಯಿಂದ ಎತ್ತಿ, ಲಂಗ ಜಾಕೀಟಿನ ಸಮೇತ ತಲೆಯ ಮೇಲೆ ಸುರಿದುಕೊಂಡೆ. ಹಲ್ಲು ಕಟಕಟ ಅಂದರೂ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ಒದ್ದೆ ಪಂಚೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನು ಯಾಕೆ ಹರಿದ ಅಂತ ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಊರೂರಿನ ಆಟಗಾರರಿಗೆ ಬರೆದವಳು, ಒಂದೇ ಸೂರಿನ ಕೆಳಗಿದ್ದ ಆಟಗಾರನನ್ನು ಒಂದು ಸಹಿ ಕೇಳಿರಲಿಲ್ಲ. ಗೊತ್ತಾದ ಮೇಲೂ ಕೇಳಲಿಲ್ಲ. ಅವನು ಹೋಗಿ ಹನ್ನೆರಡು ವರ್ಷವಾಯಿತು, ಎರಡು ಹಾಳೆಯ ಆ ಉತ್ತರದಲ್ಲಿ ಏನಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ನೀರು ಇಳಿಸಿಕೊಂಡು ಹಿತ್ತಲ ಬಾಗಿಲಿಗೆ ಬಂದೆ. ಅಪ್ಪ ಒಣ ಟವೆಲ್ಲು ಹಿಡಿದು ನಿಂತಿದ್ದ. ಅವತ್ತು ಆ ಚೂರಿನ್ ಮೇಲಿದ್ ಹೆಸರ ನಾನೂ ಓದಿದ್ದೆ ಕಣ್ ಮಗ ಅಂತ ಮೆಲ್ಲಗೆ ಅಂದ, ಅಜ್ಜಿಗೆ ಕೇಳದಷ್ಟು ಮೆಲ್ಲಗೆ. ನಾನು ಟವೆಲ್ಲನ್ನು ಮುಟ್ಟದೆ ಅವನ ಪಕ್ಕದಲ್ಲೇ ದಾಟಿಕೊಂಡು, ನೀರು ಸುರಿಸುತ್ತಾ ಒಳಗೆ ಹೋದೆ.